ಹಟಮಾರಿ ಮಕ್ಕಳ ಮನೆಯವರಿಗೊಂದು ತರಗತಿ: ಪುಣೆಯ ಪೋಷಕರ ತರಬೇತಿಯೊಂದರ ವಿಮರ್ಶೆ

ಪುಣೆಯ ಕೋಥ್ರುಡ್ ಭಾಗದಲ್ಲಿ ಮಕ್ಕಳ ವರ್ತನೆಯ ತೊಂದರೆಗಳನ್ನು ನೋಡಿಕೊಳ್ಳುವ ಕೇಂದ್ರವೊಂದು ಶನಿವಾರ ಬೆಳಿಗ್ಗೆ ನಡೆಸುವ ಎಂಟು ವಾರಗಳ ಪೋಷಕರ ತರಬೇತಿಯನ್ನು ನಮ್ಮ ಮನೆಯವರು ಈ ಮಳೆಗಾಲದಲ್ಲಿ ಮುಗಿಸಿದ್ದೇವೆ. ಹಟ, ರಂಪ, ಹೇಳಿದ್ದನ್ನು ಕೇಳದಿರುವುದು, ಕೂತಲ್ಲಿ ಕೂರದಿರುವುದು, ಸಿಟ್ಟು ಬಂದರೆ ಕೈ ಮಾಡುವುದು ಮುಂತಾದ ತೊಂದರೆಗಳಿರುವ ಮೂರರಿಂದ ಹತ್ತು ವರ್ಷದ ಮಕ್ಕಳ ತಂದೆ ತಾಯಂದಿರಿಗಾಗಿ ಇದನ್ನು ರೂಪಿಸಿದ್ದಾರೆ. ಈ ತರಗತಿಗೆ ಮಗುವನ್ನು ಕರೆತರುವಂತಿಲ್ಲ, ದೊಡ್ಡವರು ಮಾತ್ರ ಹೋಗಬೇಕು. ಹುಡುಗನಿಗೆ ತೊಂದರೆಯಿದ್ದರೆ ನಾವೇಕೆ ಪಾಠಕ್ಕೆ ಕೂರಬೇಕು ಎಂದು ವಿಚಾರಣೆಗೆ ಬಂದವರಲ್ಲಿ ಅರ್ಧದಷ್ಟು ಜನ ಅಲ್ಲಿಂದಲೇ ತಿರುಗಿ ಹೋಗುತ್ತಾರೆಂದು ಅಲ್ಲಿನ ಸ್ವಾಗತಕಾರಿಣಿಯೇ ಹೇಳಿದರು. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಪಾಠ ಚೆನ್ನಾಗಿದೆ, ಪಾಠ ಹೇಳುವವರು ಇನ್ನೂ ಚೆನ್ನಾಗಿದ್ದಾರೆ, ಶುಲ್ಕ ಹೆಚ್ಚೆನಿಸಿದರೂ ತೆತ್ತದ್ದಕ್ಕೆ ಫಲವಿದೆ. ಆದರೆ ಮನೆಯೆಂದರೆ ಅಪ್ಪ, ಅಮ್ಮ, ಮಗು ಇಷ್ಟೇ ಎಂದು ಎಣಿಸಿ ಇಡೀ ಕಾರ್ಯಕ್ರಮವನ್ನು ಕಟ್ಟಿರುವುದರಿಂದ ಅಜ್ಜ ಅಜ್ಜಿಯರಿರುವ ಮನೆಗೆ ಅದು ಅರ್ಧವೇ ತಲುಪುತ್ತದೆ. ಕೇಂದ್ರದ ಹೆಸರನ್ನು ನಾನು ಬರೆಯುವುದಿಲ್ಲ. ಕೆಳಗೆ ಕೆಲವು ದೂರುಗಳೂ ಇವೆ, ಒಂದು ಕುಟುಂಬದ ಅನುಭವದ ಮೇಲೆ ಸಣ್ಣ ಸಂಸ್ಥೆಯ ಹೆಸರು ಕೆಡಿಸುವುದು ಸರಿಯಲ್ಲ. ಮೇಲಾಗಿ ಹುಡುಗನ ಗುರುತು ಬಯಲಾಗುವುದು ನಮಗೆ ಬೇಡ. ಇಂಥ ಕೇಂದ್ರಗಳು ಪುಣೆಯಲ್ಲಿ ಈಗ ಬಡಾವಣೆಗೊಂದರಂತೆ ತೆರೆದಿವೆ. ಯಾವುದಕ್ಕೇ ಹೋದರೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ತಿಳಿದರೆ ಓದುವವರಿಗೆ ಅಷ್ಟು ಸಾಕು.

ನಮ್ಮದು ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬ. ಮಗ ಮತ್ತು ಸೊಸೆ ಇಬ್ಬರೂ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾರೆ. ಶಾಲೆಯ ಬಸ್ಸು ಬಂದ ಹೊತ್ತಿನಿಂದ ರಾತ್ರಿ ಎಂಟರವರೆಗೆ ಏಳು ವರ್ಷದ ಮೊಮ್ಮಗ ನಮ್ಮ ವಶದಲ್ಲಿರುತ್ತಾನೆ, ಅಂದರೆ ಬ್ಯಾಂಕಿನಿಂದ ನಿವೃತ್ತನಾದ ನನ್ನ ಮತ್ತು ನನ್ನ ಹೆಂಡತಿಯ ವಶದಲ್ಲಿ. ಹುಡುಗ ಚುರುಕು, ಮೂರು ಭಾಷೆಗಳನ್ನು ಸಲೀಸಾಗಿ ಮಾತನಾಡುತ್ತಾನೆ, ಕತೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾನೆ. ಆದರೆ ಬೂಟು ಹಾಕಿಕೊಳ್ಳುವುದರಿಂದ ಹಿಡಿದು ಹೋಮ್‌ವರ್ಕ್‌ವರೆಗೆ ಪ್ರತಿಯೊಂದೂ ಯುದ್ಧವಾಗುತ್ತಿತ್ತು. ತರಗತಿಯಲ್ಲಿ ಎದ್ದು ಓಡಾಡುತ್ತಾನೆ, ಪಕ್ಕದವನ ಪೆನ್ಸಿಲ್ ಕಸಿಯುತ್ತಾನೆ ಎಂದು ಶಾಲೆಯ ಡೈರಿಯಲ್ಲಿ ವಾರಕ್ಕೊಮ್ಮೆಯಾದರೂ ಕೆಂಪು ಶಾಯಿಯ ಟಿಪ್ಪಣಿ ಬರುತ್ತಿತ್ತು. ನಮ್ಮ ಮಕ್ಕಳ ವೈದ್ಯರು ಅವನನ್ನು ಈ ಕೇಂದ್ರಕ್ಕೆ ಕಳಿಸುವ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿದರು, ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ಎಷ್ಟು ಗಂಟೆ ಮಲಗುತ್ತಾನೆ ಎಂದೆಲ್ಲ ಕೇಳಿದರು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕಿವಿ ಮಂದವಾಗಿರುವ ಮಗುವೂ ಹೇಳಿದ್ದನ್ನು ಕೇಳುವುದಿಲ್ಲ. ಮೂಗಿನ ಹಿಂದಿನ ಅಡಿನಾಯ್ಡ್ ಬೆಳೆದು ರಾತ್ರಿ ಉಸಿರು ಕಟ್ಟಿ ನಿದ್ದೆಗೆಟ್ಟ ಮಗುವೂ ಹಗಲು ಕೂತಲ್ಲಿ ಕೂರುವುದಿಲ್ಲ. ಇವುಗಳನ್ನು ವಿಚಾರಿಸದೆ ನೇರವಾಗಿ ವರ್ತನೆಯ ತೊಂದರೆಯೆಂದು ಹಣೆಪಟ್ಟಿ ಹಚ್ಚುವ ಕೇಂದ್ರವಾದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಕೇಂದ್ರದಲ್ಲಿ ಮೊದಲು ಮೌಲ್ಯಮಾಪನ ನಡೆಯಿತು. ಅದಕ್ಕೆ ಪ್ರತ್ಯೇಕ ಶುಲ್ಕ. ಮನೆಯವರಿಗೊಂದು, ತರಗತಿ ಶಿಕ್ಷಕಿಗೊಂದು ಪ್ರಶ್ನಾವಳಿ ಕೊಟ್ಟರು, ಹುಡುಗನ ಜೊತೆ ಬೇರೆಯಾಗಿ ಕೂತು ಮಾತನಾಡಿದರು, ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಬೆಳವಣಿಗೆಯನ್ನು ಸೊಸೆಯ ಬಾಯಿಂದ ಕೇಳಿ ಬರೆದುಕೊಂಡರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಮಾನದಂಡಗಳ ಪ್ರಕಾರ ಎಡಿಎಚ್‌ಡಿ (ಗಮನ ನಿಲ್ಲದಿರುವ, ಕೂತಲ್ಲಿ ಕೂರಲಾಗದ ಅತಿ ಚಟುವಟಿಕೆಯ ತೊಂದರೆ) ಎಂದು ಹೇಳಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಎನ್ನದೆ ಎರಡು ಕಡೆಯಾದರೂ ಕಾಣಬೇಕು. ಶಿಕ್ಷಕಿಯ ಮಾತನ್ನು ಕೇಳದೆ ಅಮ್ಮನ ಮಾತಿನ ಮೇಲೆಯೇ ತೀರ್ಮಾನಕ್ಕೆ ಬರುವುದಾಗಲಿ, ಅಮ್ಮನನ್ನು ಬಿಟ್ಟು ಶಾಲೆಯ ದೂರಿನ ಮೇಲೆಯೇ ತೀರ್ಮಾನಿಸುವುದಾಗಲಿ ಅದಕ್ಕೇ ಸಲ್ಲದು. ಈ ವಿಷಯದಲ್ಲಿ ಕೇಂದ್ರದವರು ಎಳ್ಳಷ್ಟೂ ಅವಸರ ಮಾಡಲಿಲ್ಲ. ವರದಿ ಕೈಗೆ ಬರಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು. ಬಂದಾಗ ಅದನ್ನು ಸಾಲು ಸಾಲಾಗಿ ಓದಿ ವಿವರಿಸಿದರು. ಪಾಠ ನಡೆಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್, ನೋಂದಣಿ ಸಂಖ್ಯೆ ಅವರ ಮೇಜಿನ ಹಿಂದಿನ ಗೋಡೆಯ ಮೇಲೆಯೇ ಇತ್ತು. 1992ರ ಕಾಯ್ದೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟರು ಮತ್ತು ವಿಶೇಷ ಶಿಕ್ಷಕರು ಈ ಪರಿಷತ್ತಿನ ಪಟ್ಟಿಯಲ್ಲಿರಬೇಕು. ಫಲಕದ ಮೇಲೆ ಕೌನ್ಸೆಲರ್, ಕೋಚ್, ಪೇರೆಂಟಿಂಗ್ ಎಕ್ಸ್‌ಪರ್ಟ್ ಎಂದಿದ್ದರೆ ಆ ಹೆಸರಿನ ಹಿಂದೆ ಎಂಥ ಓದಿದೆ ಎಂದು ಕೇಳದೆ ತಿಳಿಯುವುದಿಲ್ಲ. ಕೇಳಲು ಸಂಕೋಚಪಡಬಾರದು. ಸಾಲಕ್ಕೆ ಬಂದವರ ಕಾಗದಪತ್ರಗಳನ್ನು ನೋಡುತ್ತಲೇ ಆಯುಷ್ಯ ಕಳೆದ ನನಗೆ ಆ ಸಂಕೋಚ ಮೊದಲಿನಿಂದಲೂ ಇಲ್ಲ.

ಇನ್ನು ಪಾಠದ ವಿಷಯ. ಇದರ ಬೇರು ಅಮೆರಿಕದ ಆರೆಗಾನ್ ರಾಜ್ಯದಲ್ಲಿದೆ. ಅಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ತನ್ನ ಸಂಗಡಿಗರೊಂದಿಗೆ ರಂಪ ಮಾಡುವ ಮಕ್ಕಳ ಮನೆಗಳಿಗೇ ಹೋಗಿ, ಯಾರು ಏನು ಅಂದರು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬುದನ್ನು ಕೂತು ಬರೆದುಕೊಂಡರು. ಅವರು ಕಂಡುಕೊಂಡದ್ದು ಕೇಳಲು ಬಹಳ ಸರಳ. ಅಮ್ಮ ಟಿವಿ ಆರಿಸು ಎನ್ನುತ್ತಾಳೆ, ಮಗು ಕಿರುಚುತ್ತದೆ, ಅಮ್ಮ ಸಾಕಾಗಿ ಬಿಟ್ಟುಬಿಡುತ್ತಾಳೆ. ಕಿರುಚಿದರೆ ಕೆಲಸವಾಗುತ್ತದೆ ಎಂದು ಮಗು ಕಲಿಯಿತು. ಇನ್ನೊಂದು ದಿನ ಅಪ್ಪ ಮಗುವಿಗಿಂತ ಜೋರಾಗಿ ಗದರುತ್ತಾನೆ, ಮಗು ಬೆದರಿ ಸುಮ್ಮನಾಗುತ್ತದೆ. ಗದರಿದರೆ ಕೆಲಸವಾಗುತ್ತದೆ ಎಂದು ಅಪ್ಪ ಕಲಿತ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಗುರುಗಳಾಗಿ ದಿನದಿನಕ್ಕೆ ದನಿ ಏರಿಸುತ್ತಾ ಹೋಗುತ್ತಾರೆ. ಹುಟ್ಟಿನಿಂದಲೇ ಚಂಚಲ ಸ್ವಭಾವದ ಮಗುವಾದರೆ ಈ ಸುಳಿಗೆ ಬೇಗ ಸಿಕ್ಕಿಕೊಳ್ಳುತ್ತದೆ. ತೊಂದರೆ ಹುಟ್ಟಿದ್ದು ತಂದೆ ತಾಯಿಯ ತಪ್ಪಿನಿಂದಲೇ ಎಂದು ಇದರ ಅರ್ಥವಲ್ಲ. ಸುಳಿಯಿಂದ ಮೊದಲು ಹೊರಬರುವ ಶಕ್ತಿ ದೊಡ್ಡವರಿಗೇ ಇರುವುದರಿಂದ ಪಾಠವೂ ಅವರಿಗೇ. ಮೊದಲ ದಿನ ತರಬೇತಿಯ ಶಿಕ್ಷಕಿ ಇದನ್ನು ಎಷ್ಟು ಮೃದುವಾಗಿ ವಿವರಿಸಿದರೆಂದರೆ, ಬೆನ್ನು ಸೆಟೆಸಿ ಕೂತಿದ್ದ ತಂದೆಯಂದಿರು ಚಹಾ ಬಿಡುವಿನ ಹೊತ್ತಿಗೆ ತಮ್ಮ ತಮ್ಮ ಮನೆಯ ರಂಪಗಳನ್ನು ನಗುತ್ತಾ ಹಂಚಿಕೊಳ್ಳುತ್ತಿದ್ದರು.

ಮೊದಲ ಮೂರು ವಾರ ಶಿಸ್ತಿನ ಮಾತೇ ಇಲ್ಲ. ದಿನಕ್ಕೆ ಹತ್ತು ನಿಮಿಷ ಮಗುವಿನೊಡನೆ ಆಡಬೇಕು, ಆಟದ ಯಜಮಾನಿಕೆ ಪೂರ್ತಿ ಮಗುವಿನದು. ಆ ಹತ್ತು ನಿಮಿಷಗಳಲ್ಲಿ ನಾವು ಪ್ರಶ್ನೆ ಕೇಳಬಾರದು, ಅಪ್ಪಣೆ ಕೊಡಬಾರದು, ತಿದ್ದಬಾರದು. ಮಗು ಮಾಡುತ್ತಿರುವುದನ್ನು ನೋಡಿ ನೋಡಿದ್ದನ್ನು ಹೇಳಬೇಕು, ಒಳ್ಳೆಯದು ಕಂಡರೆ ಯಾವುದು ಒಳ್ಳೆಯದೆಂದು ಬಿಡಿಸಿ ಹೇಳಿ ಮೆಚ್ಚಬೇಕು. ಕೇಳುವಾಗ ಇದೇನು ಮಹಾ ಎನಿಸುತ್ತದೆ. ನೆಲದ ಮೇಲೆ ಕೂತು ಆಡಿದಾಗ ಗೊತ್ತಾಗುತ್ತದೆ. ಹುಡುಗ ಮರದ ತುಂಡುಗಳಿಂದ ಸೇತುವೆ ಕಟ್ಟುತ್ತಿದ್ದ, ಕೆಳಗಿನ ಕಂಬ ವಾಲಿತ್ತು. ಇದು ಯಾವ ಸೇತುವೆ, ಆ ಕಂಬ ಸರಿ ಮಾಡು, ಕೆಂಪು ತುಂಡು ಎಷ್ಟಿವೆ ಎಣಿಸು ಎಂಬ ಮಾತುಗಳು ನಾಲಿಗೆಯ ತುದಿಗೇ ಬಂದು ನಿಂತಿರುತ್ತವೆ. ಅವನ್ನೆಲ್ಲ ನುಂಗಿ "ಉದ್ದನೇ ತುಂಡ ಮ್ಯಾಲ ಇಟ್ಟಿ" ಎಂದಷ್ಟೇ ಹೇಳಬೇಕು. ಸೇತುವೆ ಬಿತ್ತು. ಹಿಂದಾಗಿದ್ದರೆ ತುಂಡುಗಳು ಗೋಡೆಗೆ ಅಪ್ಪಳಿಸುತ್ತಿದ್ದವು. ಅವನು ನನ್ನ ಮುಖ ನೋಡಿದ, ನಾನು ಏನೂ ಅನ್ನಲಿಲ್ಲ, ಮತ್ತೆ ಕಟ್ಟತೊಡಗಿದ. "ಬಿದ್ದರೂ ಸಿಟ್ಟು ಮಾಡದ ಮತ್ತ ಕಟ್ಟಾಕತ್ತಿ, ಭಾಳ ಚಲೋ" ಎಂದೆ. "ಅಜ್ಜಾ, ನೀನು ಈ ಕಡೆ ಹಿಡಿ" ಎಂದು ಒಂದು ತುಂಡನ್ನು ನನ್ನ ಕೈಗೆ ಕೊಟ್ಟ. ಇಡೀ ತರಬೇತಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ ಎಂದು ನನ್ನ ಎಣಿಕೆ. ಎಷ್ಟೋ ಜನ ಇದನ್ನು ಆಟವೆಂದು ತಳ್ಳಿಹಾಕಿ ಶಿಕ್ಷೆಯ ಪಾಠ ಯಾವಾಗ ಎಂದು ಕಾಯುತ್ತಾರೆ. ಮೆಚ್ಚುಗೆಯೇ ಸಿಗದ ಮನೆಯಲ್ಲಿ ಶಿಕ್ಷೆ ನಾಟುವುದಿಲ್ಲ ಎಂದು ಶಿಕ್ಷಕಿ ಹೇಳುತ್ತಲೇ ಇದ್ದರು.

ಆಮೇಲಿನ ಪಾಠ ಅಪ್ಪಣೆ ಕೊಡುವ ಬಗೆ. ಅಡುಗೆಮನೆಯಿಂದ ಕೂಗಿ ಹೇಳಬಾರದು, ಹತ್ತಿರ ಹೋಗಿ ಹೇಳಬೇಕು. ಒಂದು ಸಲಕ್ಕೆ ಒಂದೇ ಕೆಲಸ. ಬೂಟು ಹಾಕಿಕೊಳ್ಳುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನಲು ಅವಕಾಶ ಕೊಟ್ಟಂತೆ, ಆದ್ದರಿಂದ ಬೂಟು ಹಾಕಿಕೋ ಎಂದೇ ಹೇಳಬೇಕು. ಹೇಳಿ ಐದು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮಂಥ ಮನೆಗಳಲ್ಲಿ ಕಷ್ಟ ಇಲ್ಲಿಯೇ. ಬೆಳಿಗ್ಗೆ ಏಳೂವರೆಗೆ ನಾಲ್ಕು ಜನ ದೊಡ್ಡವರು ಒಟ್ಟಿಗೆ ಹಲ್ಲುಜ್ಜು, ಹಾಲು ಕುಡಿ, ಡಬ್ಬಿ ಇಟ್ಟುಕೊಂಡೆಯಾ, ಬಸ್ಸು ಬರುತ್ತದೆ ಎಂದು ಹೇಳುತ್ತಿರುವಾಗ ಏಳು ವರ್ಷದ ಹುಡುಗ ಯಾವುದನ್ನು ಹಿಡಿಯಬೇಕು? ಬೆಳಗಿನ ಹೊತ್ತು ಅಪ್ಪಣೆಯ ಅಧಿಕಾರ ಅವನ ಅಪ್ಪನದು, ಸಂಜೆ ನನ್ನದು ಎಂದು ನಾವು ಹಂಚಿಕೊಂಡೆವು. ಈ ಉಪಾಯವನ್ನು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ, ಸೊಸೆ ಯೋಚಿಸಿದ್ದು. ಶಿಕ್ಷಕಿ ಕೇಳಿ ಬರೆದುಕೊಂಡರು.

ತರಬೇತಿಯಲ್ಲಿ ನನಗೆ ವೈಯಕ್ತಿಕವಾಗಿ ಬಹಳ ಹಿಡಿಸಿದ್ದು ಮೂರು ಕಾಲಮ್ಮಿನ ಪುಸ್ತಕ. ರಂಪವಾದಾಗಲೆಲ್ಲ ಅದಕ್ಕೆ ಮುಂಚೆ ಏನಾಗಿತ್ತು, ಹುಡುಗ ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು ಎಂದು ಬರೆಯಬೇಕು. ಹುಡುಗ ಕೆಟ್ಟವನು, ಮೊಂಡ ಎಂಬ ಮಾತುಗಳನ್ನು ಅದರಲ್ಲಿ ಬರೆಯುವಂತಿಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಸ್ವಲ್ಪ ದಿನ ಬರೆದ ಮೇಲೆ ಪುಟಗಳನ್ನು ತಿರುವಿ ನೋಡಿದರೆ, ಹೋಮ್‌ವರ್ಕಿನ ದೊಡ್ಡ ರಂಪಗಳೆಲ್ಲ ಸಂಜೆ ಆರೂವರೆಯ ಆಚೆಯವು. ನಮ್ಮ ಮನೆ ನದಿಯ ದಂಡೆಗೆ ಹತ್ತಿರ. ಗಣೇಶೋತ್ಸವಕ್ಕೆ ಎರಡು ತಿಂಗಳು ಮುಂಚಿನಿಂದಲೇ ಢೋಲ್ ತಾಶಾ ಪಥಕಗಳು, ಅಂದರೆ ಡೋಲು ಬಾರಿಸುವ ತಂಡಗಳು, ಅಲ್ಲಿ ಸಂಜೆ ಅಭ್ಯಾಸಕ್ಕೆ ಇಳಿಯುತ್ತವೆ. ಢೋಲಿನ ಮೊದಲ ಪೆಟ್ಟು ಕೇಳಿದೊಡನೆ ಹುಡುಗ ಬಾಲ್ಕನಿಗೆ ಓಡುತ್ತಿದ್ದ, ಅಜ್ಜಿ ಕರೆಯುತ್ತಿದ್ದಳು, ಅವನು ಪುಸ್ತಕ ಎಸೆಯುತ್ತಿದ್ದ, ಹಾಳೆ ಹರಿಯುತ್ತಿದ್ದ. ಹೋಮ್‌ವರ್ಕನ್ನು ಐದು ಗಂಟೆಗೆ, ಹಾಲು ಕುಡಿದ ಕೂಡಲೇ ಎಂದು ಬದಲಿಸಿದೆವು; ಎರಡು ಕಂತು ಮಾಡಿ, ನಡುವೆ ಕೆಳಗೆ ಹೋಗಿ ಒಂದು ಸುತ್ತು ಓಡಿ ಬರುವ ಅವಕಾಶ ಕೊಟ್ಟೆವು. ಮುಗಿಸಿದರೆ ಬಾಲ್ಕನಿಯಲ್ಲಿ ನಿಂತು ಢೋಲು ಕೇಳಬಹುದು. ಯಾವ ಗದರಿಕೆಗೂ ಜಗ್ಗದ ಹೋಮ್‌ವರ್ಕು ಹೊತ್ತು ಬದಲಿಸಿದ ಮಾತ್ರಕ್ಕೆ ಅರ್ಧ ಹಾದಿಗೆ ಬಂತು. ಮಗುವನ್ನು ಬದಲಿಸುವ ಮುಂಚೆ ಮಗುವಿನ ಸುತ್ತಲಿನದನ್ನು ಬದಲಿಸಿ ನೋಡಿ ಎಂದು ಅವರು ಹೇಳುವುದನ್ನು ಪುಸ್ತಕ ಬರೆಯದೆ ಒಪ್ಪಲು ಆಗುತ್ತಿರಲಿಲ್ಲ.

ಸ್ಟಾರ್ ಚಾರ್ಟಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ನಕ್ಷತ್ರ ಅಂಟಿಸುವುದು, ಇಷ್ಟು ನಕ್ಷತ್ರಕ್ಕೆ ಇಂಥದ್ದು ಎಂದು ಕೊಡುವುದು. ಕೊಟ್ಟ ನಕ್ಷತ್ರವನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬಾರದು ಎಂಬ ಒಂದು ನಿಯಮವನ್ನು ಮಾತ್ರ ನೆನಪಿನಲ್ಲಿಡಬೇಕು. ಬಹುಮಾನ ಎಂದರೆ ಆಟಿಕೆ ಕೊಡಿಸುವುದೇ ಆಗಬೇಕಿಲ್ಲ. ನಮ್ಮವನಿಗೆ ವನಾಜ್‌ನಿಂದ ಮೆಟ್ರೋ ಹತ್ತಿ ಮುಂದಿನ ಡಬ್ಬಿಯ ಕಿಟಕಿಯ ಬಳಿ ನಿಂತು ಹೋಗಿ ಬರುವುದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಐದನೆಯ ವಾರದ ಪಾಠದಲ್ಲಿ ನಮ್ಮ ಮನೆ ಎರಡು ಭಾಗವಾಯಿತು. ಯಾರಿಗೂ ಪೆಟ್ಟಾಗದ, ಗಮನ ಸೆಳೆಯಲೆಂದೇ ಮಾಡುವ ರಂಪವನ್ನು ನೋಡಿಯೂ ನೋಡದಂತೆ ಇರಬೇಕು, ಶಾಂತವಾದ ಕೂಡಲೇ ಮಾತನಾಡಿಸಬೇಕು ಎಂಬುದು ಆ ವಾರದ ಪಾಠ. ಹೀಗೆ ಮಾಡತೊಡಗಿದಾಗ ರಂಪ ಮೊದಲು ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಇಲ್ಲಿಯವರೆಗೆ ಕೆಲಸ ಮಾಡುತ್ತಿದ್ದ ಉಪಾಯ ಏಕಾಏಕಿ ನಡೆಯದಿದ್ದರೆ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯೋಗಿಸಿ ನೋಡುತ್ತದೆ. ಆ ಏರಿಕೆಯ ನಡುವೆ ಯಾರಾದರೂ ಸೋತುಬಿಟ್ಟರೆ ಅಷ್ಟು ಜೋರಾಗಿ ಕಿರುಚಿದರೆ ಸಿಗುತ್ತದೆ ಎಂಬ ಹೊಸ ಪಾಠ ಕಲಿಸಿದಂತಾಗುತ್ತದೆ. ಇದೆಲ್ಲ ಮಗನಿಗೂ ಸೊಸೆಗೂ ತರಗತಿಯಲ್ಲಿ ಕೂತು ಕೇಳಿ ಗೊತ್ತಿತ್ತು. ಅಜ್ಜಿಗೆ ಗೊತ್ತಿರಲಿಲ್ಲ. ಮೊಬೈಲಿಗಾಗಿ ಹುಡುಗ ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿದ್ದಾಗ ಸೊಸೆ ತುಟಿ ಕಚ್ಚಿಕೊಂಡು ಬಟ್ಟೆ ಮಡಚುತ್ತಾ ಕೂತಿದ್ದಳು. ನನ್ನ ಹೆಂಡತಿ ದೇವರ ಮನೆಯಿಂದ ಎದ್ದು ಬಂದು "ಅದೇನು ಕೂಸನ್ನ ಹಿಂಗ ಅಳಸ್ತೀರಿ, ನಿಮಗೇನು ಕಳ್ಳಿಲ್ಲೇನು?" ಎಂದು ಮೊಬೈಲನ್ನು ಅವನ ಕೈಗೆ ಕೊಟ್ಟುಬಿಟ್ಟಳು. ಅವಳ ಮೇಲೆ ತಪ್ಪು ಹೊರಿಸಲು ನಾನು ತಯಾರಿಲ್ಲ. ಅವಳ ಕಣ್ಣಿಗೆ ಕಂಡದ್ದು ಅಳುತ್ತಿರುವ ಮೊಮ್ಮಗ ಮತ್ತು ಅತ್ತ ನೋಡದೆ ಬಟ್ಟೆ ಮಡಚುತ್ತಿರುವ ತಾಯಿ. ಕಾರಣವನ್ನು ಅವಳಿಗೆ ತಿಳಿಸುವ ಹೊಣೆ ಯಾರದು?

ಕೇಂದ್ರದ ಉತ್ತರ, ಅದು ಮನೆಯವರ ಹೊಣೆ ಎಂದು. ಈ ತರಬೇತಿಯ ಬಗೆಗಿನ ನನ್ನ ಮುಖ್ಯ ತಕರಾರು ಇದೇ. ಶುಲ್ಕದಲ್ಲಿ ಇಬ್ಬರಿಗೆ ಮಾತ್ರ ಪ್ರವೇಶ, ಮೂರನೆಯವರು ಬರುವುದಾದರೆ ಬೇರೆ ಹಣ. ನಾನು ಆ ಹೆಚ್ಚಿನ ಹಣ ಕಟ್ಟಿ ಸೇರಿಕೊಂಡೆ. ನನ್ನ ಹೆಂಡತಿಗೆ ಕನ್ನಡ ಬಿಟ್ಟರೆ ಭಾಜಿ ಮಾರುಕಟ್ಟೆಗೆ ಸಾಲುವಷ್ಟು ಮರಾಠಿ ಬರುತ್ತದೆ. ತರಗತಿ ನಡೆಯುವುದು ಇಂಗ್ಲಿಷಿನಲ್ಲಿ, ನಡುನಡುವೆ ಮರಾಠಿ. ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನವು, ಮರಾಠಿಯಲ್ಲೂ ಇಲ್ಲ. ಸದಾಶಿವ ಪೇಠದ ಮರಾಠಿ ಅಜ್ಜಿಗೂ ಅವು ಉಪಯೋಗಕ್ಕೆ ಬಾರವು, ಆದ್ದರಿಂದ ಇದು ಕನ್ನಡದವರ ಒಂಟಿ ಗೋಳೇನೂ ಅಲ್ಲ. ತಾಯಿ ತಂದೆ ಇಬ್ಬರೂ ದುಡಿಯಲು ಹೋಗುವ ಈ ಊರಿನಲ್ಲಿ ಮಗು ಎಚ್ಚರವಾಗಿರುವ ಹೊತ್ತಿನ ಹೆಚ್ಚಿನ ಪಾಲು ಅಜ್ಜಿಯೊಂದಿಗೋ, ಮನೆಗೆಲಸದ ಹೆಂಗಸಿನೊಂದಿಗೋ, ಪಾಳಣಾಘರದವರೊಂದಿಗೋ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ) ಕಳೆಯುತ್ತದೆ. ಅವರನ್ನು ಹೊರಗಿಟ್ಟು ಪಾಠ ಮಾಡುವುದೆಂದರೆ ನಾಲ್ಕು ಕಾಲಿನ ಮಂಚಕ್ಕೆ ಎರಡು ಕಾಲು ಸರಿಪಡಿಸಿ ಕೊಟ್ಟಂತೆ. ಎಂಟು ವಾರಗಳಲ್ಲಿ ಒಂದೇ ಒಂದು ಶನಿವಾರವನ್ನು ಮನೆಯ ಹಿರಿಯರಿಗೆಂದು ಮೀಸಲಿಟ್ಟು, ಅವರವರ ಭಾಷೆಯ ಒಂದೊಂದು ಪುಟದ ಸೂಚನೆ ಕೊಟ್ಟರೆ ಈ ಕೊರತೆ ಅರ್ಧ ತೀರುತ್ತದೆ. ಲಿಖಿತವಾಗಿ ಸಲಹೆ ಕೊಟ್ಟಿದ್ದೇನೆ, ನೋಡೋಣ ಎಂದಿದ್ದಾರೆ. ಗಣೇಶನಗರದ ಕನ್ನಡ ಸಂಘದಂಥ ಜಾಗದಲ್ಲಿ ಕನ್ನಡ ಬಲ್ಲ ಸೈಕಾಲಜಿಸ್ಟರೊಬ್ಬರು ತಿಂಗಳಿಗೊಮ್ಮೆ ಅಜ್ಜಿಯರನ್ನು ಕೂರಿಸಿಕೊಂಡು ಎರಡು ಮಾತು ಹೇಳಿದರೂ ಪುಣೆಯ ಎಷ್ಟೋ ಕನ್ನಡ ಮನೆಗಳಲ್ಲಿ ಅತ್ತೆ ಸೊಸೆಯರ ಜಗಳ ಕಡಿಮೆಯಾದೀತು. ನಮ್ಮ ಮನೆಯಲ್ಲಿ ನಾನೇ ಹಾಳೆಗಳನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಎರಡು ದಿನ ಅದರತ್ತ ನೋಡದ ನನ್ನ ಹೆಂಡತಿ ಮೂರನೆಯ ದಿನ ಓದಿ, "ನಾಕು ಮಂದಿ ನಾಕು ಮಾತ ಹೇಳಿದ್ರ ಹುಡುಗ ಯಾರ ಮಾತ ಕೇಳಬೇಕು, ಇದನ್ನ ಮೊದಲ ಹೇಳಬಾರದೇನ್ರಿ" ಎಂದು ನನಗೇ ಗದರಿದಳು. ಈಗ ಮೊಬೈಲಿನ ವಿಷಯದಲ್ಲಿ ಮನೆಯಲ್ಲಿ ಅತ್ಯಂತ ಕಟ್ಟುನಿಟ್ಟಿನವಳು ಅವಳೇ.

ಹೊಡೆಯುವುದು, ಕಚ್ಚುವುದು, ವಸ್ತು ಒಡೆಯುವುದು, ಇವನ್ನು ಕಂಡೂ ಕಾಣದಂತೆ ಇರಲಾಗುವುದಿಲ್ಲ. ಅದಕ್ಕೆ ಟೈಮ್ ಔಟ್. ವಯಸ್ಸಿನ ವರ್ಷಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚಿಲ್ಲದಂತೆ, ಎಲ್ಲರ ಕಣ್ಣಳತೆಯಲ್ಲಿ, ಮನರಂಜನೆಯಿಲ್ಲದ ಆದರೆ ಹೆದರಿಕೆಯೂ ಇಲ್ಲದ ಜಾಗದಲ್ಲಿ ಕೂರಿಸುವುದು. ಬಚ್ಚಲುಮನೆಯಲ್ಲಿ ಕೂಡಿಹಾಕುವುದು, ಕತ್ತಲೆ ಕೋಣೆಯ ಬೆದರಿಕೆ, ಪೊಲೀಸ್ ಮಾಮಾ ಬರುತ್ತಾನೆ ಎನ್ನುವುದು ಯಾವುದೂ ಟೈಮ್ ಔಟ್ ಅಲ್ಲವೆಂದು ಶಿಕ್ಷಕಿ ಖಂಡಿತವಾಗಿ ಹೇಳಿದರು. ಅವರೇ ತಂದೆಯ ಪಾತ್ರ ಮಾಡಿ, ಒಬ್ಬ ತಂದೆಯನ್ನು ಮಗುವಿನ ಪಾತ್ರದಲ್ಲಿ ಕೂರಿಸಿ ಅಭಿನಯಿಸಿ ತೋರಿಸಿದ್ದು ಬಹಳ ಉಪಯೋಗಕ್ಕೆ ಬಂತು. ಓದಿದರೆ ಒಂದು ಸಾಲು, ಮಾಡಿ ನೋಡಿದರೆ ಹತ್ತು ಸಂದೇಹ. ನಾಲ್ಕು ಏಟು ಹಾಕಿದರೆ ತಾನೇ ಸರಿಹೋಗುತ್ತಾನೆ ಎನ್ನುವ ಹಿತೈಷಿಗಳು ನಮ್ಮ ಸೊಸೈಟಿಯಲ್ಲೂ ಇದ್ದಾರೆ. ಸುಳಿಯ ಪಾಠ ಕೇಳಿದವರಿಗೆ ಏಟು ಯಾರಿಗೆ ಏನನ್ನು ಕಲಿಸುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ತಕರಾರು ಶಾಲೆಯ ಕುರಿತದ್ದು. ಮೌಲ್ಯಮಾಪನಕ್ಕೆ ಶಾಲೆಯ ಶಿಕ್ಷಕಿಯ ಅಭಿಪ್ರಾಯ ಬೇಕಾಗುತ್ತದೆ, ಆದರೆ ತರಬೇತಿ ಶುರುವಾದ ಮೇಲೆ ಶಾಲೆಯ ಸುದ್ದಿಯೇ ಇಲ್ಲ. ಹುಡುಗನನ್ನು ಕಿಟಕಿಯಿಂದ ದೂರ, ಮುಂದಿನ ಬೆಂಚಿನಲ್ಲಿ ಕೂರಿಸುವುದು, ಲೆಕ್ಕಗಳನ್ನು ಐದೈದರಂತೆ ಕೊಡುವುದು, ಹಾಳೆ ಹಂಚುವ ನೆಪದಲ್ಲಿ ಎದ್ದು ಓಡಾಡಲು ಬಿಡುವುದು, ದಿನದ ಕೊನೆಗೆ ಒಂದು ಚೀಟಿಯಲ್ಲಿ ಎರಡು ಒಳ್ಳೆಯ ಸಂಗತಿ ಬರೆದು ಕಳಿಸುವುದು, ಇಷ್ಟನ್ನು ಶಾಲೆಗೆ ಹೇಳುವವರು ಬೇಕು. ಕೇಂದ್ರ ಒಂದು ಪತ್ರ ಬರೆದು ಕೊಟ್ಟಿತು. ಶಾಲೆಗೆ ಭೇಟಿ ಕೊಡಬೇಕಾದರೆ ಬೇರೆ ಶುಲ್ಕವೆಂದಿತು. ನಮ್ಮ ಪುಣ್ಯಕ್ಕೆ ತರಗತಿ ಶಿಕ್ಷಕಿ ಆ ಪತ್ರವನ್ನು ಓದಿ ಚೀಟಿ ಬರೆಯತೊಡಗಿದರು. ಆದರೆ ನಮ್ಮ ಗುಂಪಿನ ಇನ್ನೊಂದು ಕುಟುಂಬಕ್ಕೆ ಬೇರೆ ಶಾಲೆ ನೋಡಿಕೊಳ್ಳಿ ಎಂಬ ಸೂಚನೆ ಬಂದಿತ್ತು. ಅಂಥವರು 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ತಿಳಿದಿರಬೇಕು: ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 16ನೆಯ ಕಲಮು, ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಸಲ್ಲದೆಂದು 17ನೆಯ ಕಲಮು ಹೇಳುತ್ತವೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪುಣೆಯಲ್ಲಿ ಅಂಥ ಶಾಲೆಗಳು ಕಡಿಮೆಯೇನಿಲ್ಲ, ಅದನ್ನೂ ವಿಚಾರಿಸಿಕೊಂಡು ಮಾತನಾಡಬೇಕು.

ಮೂರನೆಯದು ವ್ಯಾಪಾರ. ತರಬೇತಿಯ ಹಣವನ್ನು ಮುಂಗಡವಾಗಿ ಪೂರ್ತಿ ಕಟ್ಟಿಸಿಕೊಳ್ಳುತ್ತಾರೆ, ನಡುವೆ ಬಿಟ್ಟರೆ ವಾಪಸಿಲ್ಲ. ಈ ಷರತ್ತನ್ನು ರಸೀದಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಪಾಠ ಹೇಳುವ ಶಿಕ್ಷಕಿ ಯಾವತ್ತೂ ಏನನ್ನೂ ಮಾರಲು ನೋಡಲಿಲ್ಲ, ಆದರೆ ಹೊರಗಿನ ಮೇಜಿನವರು ಪ್ರತಿ ವಾರ ಮೆದುಳಿನ ವ್ಯಾಯಾಮದ ಕಂಪ್ಯೂಟರ್ ಆಟಗಳ ಇನ್ನೊಂದು ಪ್ಯಾಕೇಜಿನ ಚೀಟಿ ಕೈಗಿಡುತ್ತಿದ್ದರು. ಅದು ಹುಡುಗನಿಗೆ ಬೇಕೇ ಎಂದು ಶಿಕ್ಷಕಿಯನ್ನೇ ನೇರವಾಗಿ ಕೇಳಿದೆ, ಸದ್ಯಕ್ಕೆ ಬೇಡ ಎಂದರು. ಒಂದೇ ಛಾವಣಿಯ ಕೆಳಗೆ ಎರಡು ದನಿ ಇರಬಾರದು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಎಂಬ ಬೂಟಾಟಿಕೆಯಂತೂ ಇಲ್ಲಿಲ್ಲ, ಸದ್ಯ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಅದರ ಬಣ್ಣ ಬಯಲು ಮಾಡಿದ ಮೇಲೂ ಊರೂರುಗಳಲ್ಲಿ ಅದಕ್ಕೆ ಗಿರಾಕಿಗಳಿದ್ದಾರೆ, ಅವರಲ್ಲಿ ಚಂಚಲ ಮಕ್ಕಳ ತಂದೆ ತಾಯಂದಿರು ಬಹಳ. ಇದೇ ಸಾಲಿನ ಇನ್ನೊಂದು ನಂಬಿಕೆ ಸಕ್ಕರೆಯದು. ಸಿಹಿ ನಿಲ್ಲಿಸಿ, ಹುಡುಗ ತಣ್ಣಗಾಗುತ್ತಾನೆ ಎಂದು ನಮಗೆ ಹೇಳದವರಿಲ್ಲ. 23 ಪ್ರಯೋಗಗಳನ್ನು ಒಟ್ಟುಗೂಡಿಸಿ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆಯಿಂದ ಮಕ್ಕಳ ವರ್ತನೆ ಕೆಡುವುದು ಕಂಡುಬಂದಿಲ್ಲ. ಹಲ್ಲಿಗೆ ಕೆಟ್ಟದ್ದು, ಅದು ಬೇರೆ ಮಾತು. ಧಾರವಾಡದಿಂದ ಬಂದ ಫೇಡೆಯನ್ನು ಹುಡುಗನಿಂದ ಬಚ್ಚಿಡುವ ಅಗತ್ಯ ನಮಗೆ ಕಾಣಲಿಲ್ಲ.

ಔಷಧಿಯ ಪ್ರಶ್ನೆಯನ್ನು ಕೇಂದ್ರ ಹೇಗೆ ನಿಭಾಯಿಸಿತು ಎಂಬುದನ್ನೂ ಹೇಳಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಎಡಿಎಚ್‌ಡಿ ಇರುವ ನಾಲ್ಕರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಈ ಬಗೆಯ ಪೋಷಕರ ತರಬೇತಿಯೇ. ಆರು ದಾಟಿದವರಿಗೆ ಔಷಧಿ ಮತ್ತು ವರ್ತನೆಯ ತರಬೇತಿ ಎರಡೂ ಜೊತೆಯಾಗಿ. ನಮ್ಮ ಹುಡುಗನಿಗೆ ಏಳು. ಔಷಧಿ ಬರೆಯುವುದು ಸೈಕಾಲಜಿಸ್ಟರ ಕೆಲಸವಲ್ಲ, ಮನೋವೈದ್ಯರನ್ನೋ ಮಕ್ಕಳ ಬೆಳವಣಿಗೆಯ ತಜ್ಞವೈದ್ಯರನ್ನೋ ನೋಡಿ ಎಂದು ಅವರು ಹೇಳಿದರು. ಔಷಧಿ ಬೇಡವೇ ಬೇಡ ಎಂದೂ ಹೇಳಲಿಲ್ಲ, ಕೊಡದಿದ್ದರೆ ಕೆಟ್ಟಿತು ಎಂದೂ ಹೆದರಿಸಲಿಲ್ಲ. ಸದ್ಯ ತರಬೇತಿಯಿಂದ ಆಗಿರುವ ಬದಲಾವಣೆಯನ್ನು ನೋಡಿಕೊಂಡು ದೀಪಾವಳಿಯ ನಂತರ ನಿರ್ಧರಿಸೋಣ ಎಂದು ನಾವು ನೋಡಿದ ವೈದ್ಯರ ಸಲಹೆ. ವಿಮೆಯ ವಿಷಯ ಕೇಳುವವರಿಗೆ: ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆಯ ಸೌಲಭ್ಯ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದ್ದರೂ, ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆಗೆ ಹೆಚ್ಚಿನ ಪಾಲಿಸಿಗಳು ಹಣ ಕೊಡದ ಕಾರಣ ಈ ಖರ್ಚು ಕೈಯಿಂದಲೇ.

ಫಲಿತಾಂಶ ಕೇಳಿದರೆ, ಹುಡುಗ ಈಗಲೂ ಊಟದ ತಟ್ಟೆಯ ಮುಂದೆ ಮೂರು ಸಲ ಏಳುತ್ತಾನೆ, ಶಾಲೆಯಲ್ಲಿ ಪಕ್ಕದವನ ಪೆನ್ಸಿಲ್ಲಿಗೆ ಕೈ ಹಾಕುತ್ತಾನೆ, ಪುಸ್ತಕ ಮರೆತು ಬರುತ್ತಾನೆ. ಚಂಚಲತೆ ಎಂಟು ವಾರಗಳಲ್ಲಿ ಹೋಗುವುದಿಲ್ಲ, ಹೋಗುತ್ತದೆಂದು ಅವರು ಭರವಸೆಯನ್ನೂ ಕೊಟ್ಟಿರಲಿಲ್ಲ. ಕಡಿಮೆಯಾದದ್ದು ರಂಪ ಮತ್ತು ಹೊಡೆತ. ಮನೆಯ ಒಟ್ಟು ಗದ್ದಲ ಎಷ್ಟು ಇಳಿದಿದೆಯೆಂದರೆ ಕೆಳಗಿನ ಮನೆಯ ಮರಾಠಿ ಆಜಿ ಹುಡುಗ ಊರಿಗೆ ಹೋಗಿದ್ದಾನೆಯೇ ಎಂದು ವಿಚಾರಿಸಿದರು. ಮಗ ಮತ್ತು ಸೊಸೆ ರಾತ್ರಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಳ್ಳುವುದು ನಿಂತಿದೆ. ಅದು ಯಾವ ಪ್ರಶ್ನಾವಳಿಯಲ್ಲೂ ಇಲ್ಲದ ಲಾಭ.

ಶನಿವಾರದ ಗುಂಪಿಗೆ ಆರೇ ಕುಟುಂಬಗಳನ್ನು ತೆಗೆದುಕೊಳ್ಳುವುದರಿಂದ ಹೆಸರು ಹಚ್ಚಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಕಟ್ಟಡದ ಲಿಫ್ಟು ನಂಬುವಂಥದ್ದಲ್ಲ, ಮೂರನೆಯ ಮಹಡಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮೆಟ್ರೋ ಅಥವಾ ರಿಕ್ಷಾದಲ್ಲಿ ಹೋಗುವುದು ಮೇಲು. ಗಂಡ ಹೆಂಡತಿ ಇಬ್ಬರೂ ವಾರವಾರ ಬರಲಾಗದಿದ್ದರೆ ಹಣ ಕಟ್ಟಬೇಡಿ, ಒಬ್ಬರೇ ಕಲಿತು ಇನ್ನೊಬ್ಬರಿಗೆ ಹೇಳುವುದು ಪಾಠಕ್ಕಿಂತ ಜಗಳಕ್ಕೇ ಹೆಚ್ಚು ದಾರಿ. ಅಷ್ಟು ಹಣ ಹೊಂದಿಸಲಾಗದವರು ಸುಮ್ಮನಿರಬೇಕಾಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗಿನಿಂದ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ, ಜಿಲ್ಲಾ ಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರಗಳಲ್ಲಿ ತಪಾಸಣೆ ಉಚಿತ. ಸರದಿ ಉದ್ದವಿರಬಹುದು, ಶುಲ್ಕವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತನಾಡುವವರಿದ್ದಾರೆ. ಇಂಗ್ಲಿಷಿನ ಹಾಳೆ ಓದಲಾಗದ ಅಜ್ಜಿಯರಿಗೆ ಆ ಸಂಖ್ಯೆಯನ್ನು ಬರೆದುಕೊಡಿ.